ವಾರಸುದಾರರಿಲ್ಲದ ಮೂವತ್ತೊಂದು ಬಾಟಲಿ

ಸೋಮವಾರ ಬೆಳಿಗ್ಗೆ ಠಾಣೆಯಿಂದ ಫೋನು ಬಂತು. ನಾನು ನಿವೃತ್ತನಾಗಿ ಆರು ವರ್ಷವಾಗಿದೆ. ಆದರೂ ಅಲ್ಲಿನವರಿಗೆ ಹಳೆಯ ಪುಸ್ತಕದ ಅಕ್ಷರ ಓದಲು ಬಾರದಿದ್ದರೆ, ಕಪಾಟಿನ ಬಾಗಿಲಿಗೆ ಎಲ್ಲಿ ಗುದ್ದಿದರೆ ತೆರೆಯುತ್ತದೆಂದು ಮರೆತುಹೋದರೆ ನನ್ನ ನೆನಪಾಗುತ್ತದೆ. ಉಳಿದ ದಿನಗಳಲ್ಲಿ ಆಗುವುದಿಲ್ಲ.

"ಸಾರ್, ಮುದ್ದೇಮಾಲು ಕೋಣೆ ಖಾಲಿ ಮಾಡ್ತಿದ್ದೀವಿ," ಎಂದಳು ಈಗಿನ ರೈಟರ್. ವಶಪಡಿಸಿಕೊಂಡ ಸಾಮಾನು, ಸಿಕ್ಕಿದ ಸಾಮಾನು ಎಲ್ಲವನ್ನೂ ತುಂಬಿಡುವ ಕೋಣೆ ಅದು. "ಹೊಸ ಕಟ್ಟಡಕ್ಕೆ ಹೋಗೋ ಮೊದಲು ಬೇಡದ್ದೆಲ್ಲ ಶುಕ್ರವಾರ ನಾಶ ಮಾಡ್ಬೇಕು ಅಂತ ಆರ್ಡರ್ ಆಗಿದೆ. ಮೇಲಿನ ಹಲಗೆ ಮೇಲೆ ನೀರಿನ ಬಾಟಲಿಗಳಿವೆ. ಮೂವತ್ತೊಂದು. ಎಲ್ಲಕ್ಕೂ ಅರಗಿನ ಸೀಲು, ಚೀಟಿ, ನಿಮ್ಮ ಸಹಿ. ವಾರಸುದಾರರಿಲ್ಲದ ಸೊತ್ತು ಅಂತ ಬರೆದಿದೆ. ಚೆಲ್ಲಿಬಿಡ್ಲಾ?"

"ಮುಟ್ಟಬೇಡ," ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳು ಎದ್ದು ಬಂದಳು.

ನಾನು ಮೂವತ್ತೆರಡು ವರ್ಷ ಠಾಣೆಯ ರೈಟರಾಗಿದ್ದವನು. ಲಾಠಿ ಹಿಡಿದದ್ದು ಕಡಿಮೆ, ಪೆನ್ನು ಹಿಡಿದದ್ದೇ ಹೆಚ್ಚು. ಯಾರೇ ಬಂದು ಗೋಳು ಹೇಳಿಕೊಂಡರೂ ಅದು ನನ್ನ ಪೆನ್ನಿನಿಂದ ಇಳಿದು ಯಾವುದಾದರೊಂದು ಪುಸ್ತಕದ ಕಾಲಂ ಸೇರಬೇಕಿತ್ತು. ಒಂದು ಕಾಲಂ ಖಾಲಿ ಬಿಟ್ಟರೂ ನನಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ನನಗೆ 'ಕಾಲಂ ಸಾಹೇಬ' ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನದವರಿರಲಿಲ್ಲ. ನನ್ನ ಅಕ್ಷರವನ್ನು ನೋಡಿ ನ್ಯಾಯಾಲಯದ ಗುಮಾಸ್ತರು ಮೆಚ್ಚಿಕೊಂಡದ್ದುಂಟು. ಇನ್ನೊಂದು ಕಟ್ಟುನಿಟ್ಟೂ ಇತ್ತು, ಅದನ್ನು ನನ್ನ ಹಿಂದಿನ ರೈಟರ್ ನನಗೆ ಕಲಿಸಿಕೊಟ್ಟಿದ್ದರು. ಪುಸ್ತಕದ ಮುಖ ಯಾವಾಗಲೂ ಬರೆಯುವವನ ಕಡೆಗಿರಬೇಕು, ದೂರು ಕೊಡುವವರ ಕಡೆಗೆ ತಿರುಗಬಾರದು. ಮೂವತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ತಿರುಗಿಸಿರಲಿಲ್ಲ.

ಮಗಳು ಓದುತ್ತಿರುವುದು ಅಪರಾಧಶಾಸ್ತ್ರ. ಕಳ್ಳರ ಬಗ್ಗೆ ಓದುತ್ತಾಳೆಂದು ತಿಳಿದು ಮೊದಲು ನಾನು ಹಿಗ್ಗಿದ್ದೆ, ಮನೆತನದ ಕಸುಬೇ ಮುಂದುವರಿಯಿತಲ್ಲ ಎಂದು. ಆಮೇಲೆ ಗೊತ್ತಾಯಿತು, ಅವಳು ಓದುತ್ತಿರುವುದು ಕಳ್ಳರ ಬಗ್ಗೆ ಅಲ್ಲ, ನನ್ನಂಥವರ ಬಗ್ಗೆ. ಗುಡ್ಡದ ಮೇಲಿನ ತಾಮ್ರದ ಗಣಿಯಿಂದ ಹೊಳೆಗೆ ಆಗಿರುವ ಹಾನಿಯನ್ನು ಕಾನೂನು ಹೇಗೆ ನೋಡಿದೆ ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕಾಗಿ ಮೇಲಿನವರಿಂದ ಅನುಮತಿ ತಂದು ಒಂದು ತಿಂಗಳು ನಮ್ಮ ಠಾಣೆಯ ಹಳೆಯ ಅಪರಾಧ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ್ದಳು.

ಹಿಂದಿನ ವಾರವಷ್ಟೇ ಊಟದ ಹೊತ್ತಿನಲ್ಲಿ ನನ್ನನ್ನು ಹಿಡಿದುಕೊಂಡಿದ್ದಳು.

"ಅಪ್ಪಾ, ಇಪ್ಪತ್ತು ವರ್ಷದ ಅಪರಾಧ ಪುಸ್ತಕ ನೋಡಿದೆ. ಗಣಿ ಅನ್ನೋ ಮಾತು ಬರೋ ಕೇಸು ನೂರ ನಲವತ್ತಾರು. ತಂತಿ ಕದ್ದದ್ದು, ಬೇಲಿ ಹಾರಿದ್ದು, ಲಾರಿಗೆ ಕಲ್ಲು ಹೊಡೆದದ್ದು. ಎಲ್ಲದರಲ್ಲೂ ಕಂಪನಿನೇ ದೂರುದಾರ. ಒಂದರಲ್ಲೂ ಆರೋಪಿ ಅಲ್ಲ."

"ಅಂದ್ರೆ ಕಂಪನಿ ಯಾವ ತಪ್ಪೂ ಮಾಡಿಲ್ಲ ಅಂತ ಅರ್ಥ."

"ಅಥವಾ ನೀನು ಬರೆದಿಲ್ಲ ಅಂತ ಅರ್ಥ."

ನಾನು ಅನ್ನ ಕಲೆಸುತ್ತಾ ಅವಳಿಗೆ ತಿಳಿ ಹೇಳಿದೆ. ಅದಿರು ತೊಳೆದ ನೀರನ್ನು ಗುಡ್ಡದ ಮೇಲಿನ ಕೆಸರಿನ ಕೆರೆಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಕೊಳವೆಯಲ್ಲಿ ಹೊಳೆಗೆ ಬಿಡಲು ಕಂಪನಿಗೆ ಅನುಮತಿ ಪತ್ರವಿದೆ. ಪತ್ರಕ್ಕೆ ಸಹಿ ಇದೆ, ಮೊಹರಿದೆ. ಅನುಮತಿ ಇದ್ದದ್ದು ಅಪರಾಧ ಹೇಗಾಗುತ್ತದೆ?

"ಮೀನಿಗೆ ಅನುಮತಿ ಪತ್ರ ಓದೋಕೆ ಬರಲ್ಲ ಅಪ್ಪಾ, ಅದಕ್ಕೇ ಸತ್ತುಹೋದ್ವು," ಎಂದಳು. "ನಾವು ಮೊದಲು ಕೇಳೋದು ಯಾರು ತಪ್ಪು ಮಾಡಿದ್ರು ಅಂತ ಅಲ್ಲ. ಹಾನಿ ಯಾರಿಗೆ ಆಯ್ತು, ಅದನ್ನ ಯಾರು ಬರ್ಕೊಂಡ್ರು, ಯಾರು ಬರ್ಕೊಳ್ಳಲಿಲ್ಲ, ಯಾಕೆ ಅಂತ. ಎರಡು ಮೀಟರ್ ತಂತಿ ಹೋದ್ರೆ ಅಪರಾಧ. ಇಡೀ ಹೊಳೆ ಹೋದ್ರೆ ಅದು ಕೈಗಾರಿಕೆ. ಈ ಗೆರೆ ಎಳೆದವರು ಯಾರು?"

"ಹೆಸರಿಲ್ಲದೆ ಹೇಗಮ್ಮ ಬರೆಯೋದು? ಆರೋಪಿ ಕಾಲಂನಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ವಿಳಾಸ ಬೇಕು. ಕಂಪನಿಗೆ ಅಪ್ಪ ಇದ್ದಾನಾ? ವಯಸ್ಸಿದೆಯಾ?"

ಅವಳು ಕೈ ತೊಳೆದು ಬಂದು ತನ್ನ ಟಿಪ್ಪಣಿ ಪುಸ್ತಕ ತೆರೆದಳು. "ನೂರ ನಲವತ್ತಾರರಲ್ಲಿ ತೊಂಬತ್ತು ಕೇಸಿನ ಆರೋಪಿ ಕಾಲಂ ಓದ್ಲಾ? 'ಅಪರಿಚಿತರು.' 'ಅಪರಿಚಿತರು.' 'ಯಾರೋ ಅಪರಿಚಿತರು.' ನಿನ್ನ ಅಕ್ಷರವೇ. ತಂತಿ ಕದ್ದವರ ಅಪ್ಪನ ಹೆಸರು ಗೊತ್ತಿತ್ತಾ ನಿನಗೆ?"

ಕಲೆಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದೆ. ನೀರು ಕುಡಿದು ಎದ್ದುಬಿಟ್ಟೆ. ಮೂವತ್ತೆರಡು ವರ್ಷ ಆ ಮಾತನ್ನು ಬರೆದವನು ನಾನೇ, ಅದೇ ಕೈಯಲ್ಲಿ ಇನ್ನೊಬ್ಬರಿಗೆ ಹೆಸರು ತಾ ಎಂದು ಹೇಳಿ ಕಳಿಸಿದವನೂ ನಾನೇ. ಎರಡೂ ಒಂದೇ ಮೇಜಿನ ಮೇಲೆ ನಡೆದಿತ್ತು. ನನಗೆ ಒಂದು ದಿನವೂ ಹೊಳೆದಿರಲಿಲ್ಲ, ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ.

ಆ ಇನ್ನೊಬ್ಬರು ನನ್ನ ಸ್ವಂತ ಅಕ್ಕ.

ಅಕ್ಕ ನೂಲಿಗೆ ಬಣ್ಣ ಹಾಕುತ್ತಿದ್ದಳು. ಹೊಳೆಯ ಪಕ್ಕದ ಅವಳ ಮನೆಯ ಹಿಂದೆ ನಾಲ್ಕು ದೊಡ್ಡ ತೊಟ್ಟಿಗಳು. ನೇಯುವವರು ಲಡಿ ಲಡಿ ನೂಲು ತಂದುಕೊಡುತ್ತಿದ್ದರು. ಹಳದಿ ಬಣ್ಣದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಣ್ಣದ ಕೆಲಸ ಎಲ್ಲ ನೀರಿನದು ಎಂದು ಅವಳು ಹೇಳುತ್ತಿದ್ದಳು. ಗಣಿಯಲ್ಲಿ ಅದಿರು ತೊಳೆಯುವ ಹೊಸ ಘಟಕ ಶುರುವಾದ ವರ್ಷ ಅವಳ ಹಳದಿ ಕೆಟ್ಟಿತು. ತೊಟ್ಟಿಗೆ ಹಾಕುವಾಗ ಹಳದಿ, ತೆಗೆಯುವಾಗ ಮಾಸಲು. ನೀರಿನಲ್ಲಿ ಕಬ್ಬಿಣ ಸೇರಿದರೆ ಹಾಗಾಗುತ್ತದಂತೆ.

ಒಂದು ದಿನ ಎರಡು ಗಾಜಿನ ಬಾಟಲಿ, ಒಂದು ಲಡಿ ನೂಲು ಹಿಡಿದುಕೊಂಡು ಠಾಣೆಗೆ ಬಂದಳು. ನೂಲನ್ನು ನನ್ನ ತೋಳಿನ ಪಕ್ಕ ಹಿಡಿದಳು.

"ನೋಡೋ, ಹಳದಿ ಹಾಕಿದ್ರೆ ನಿನ್ನ ಯೂನಿಫಾರ್ಮ್ ಬರ್ತಿದೆ. ಇನ್ಮೇಲೆ ಪೊಲೀಸರಿಗೇ ಬಟ್ಟೆ ಮಾಡಿಕೊಡ್ಲಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಒಂದು ಕೊಳವೆಗಿಂತ ಮೇಲಿನ ನೀರು, ಕನ್ನಡಿಯ ಹಾಗಿತ್ತು. ಇನ್ನೊಂದು ಕೊಳವೆಯ ಕೆಳಗಿನದು, ತಳದಲ್ಲಿ ಕಿತ್ತಳೆ ಬಣ್ಣದ ಗಸಿ. "ದೂರು ಬರ್ಕೋ," ಎಂದಳು. ನಾನು ಆರೋಪಿಯ ಹೆಸರು ಕೇಳಿದೆ. "ಕಂಪನಿ," ಎಂದಳು. ನಾನು ತಂದೆಯ ಹೆಸರು ಕೇಳಿದೆ. ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು.

ಒಳಗೆ ಹೋಗಿ ಆಗಿನ ಸಾಹೇಬರನ್ನು ಕೇಳಿದೆ. ಕಂಪನಿಗೆ ಅನುಮತಿ ಇದೆ, ಅದರ ಮೇಲೆ ಪುಸ್ತಕ ತೆರೆಯಬೇಡಿ, ಏನಾದರೂ ಹೇಳಿ ಸಾಗಹಾಕಿ ಎಂದರು. ಹೊರಗೆ ಬಂದರೆ ಅಕ್ಕ ಬೆಂಚಿನ ಮೇಲೆ ಕೂತಿದ್ದಾಳೆ. ಅಮ್ಮ ತೀರಿಕೊಂಡ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳಿಗೆ ಆಗಲ್ಲ ಎನ್ನಲು ಬಾಯಿ ಬರಲಿಲ್ಲ, ಸಾಹೇಬರನ್ನು ಮೀರಿ ಬರೆಯಲು ಧೈರ್ಯ ಬರಲಿಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಬಂತು. ಅಂಥ ಉಪಾಯ ರೈಟರನ ತಲೆಗೆ ಮಾತ್ರ ಬರುವಂಥದ್ದು.

ಠಾಣೆಯಲ್ಲಿ ಇನ್ನೊಂದು ಪುಸ್ತಕವಿತ್ತು, ಬೀದಿಯಲ್ಲಿ ಸಿಕ್ಕಿದ ಕೊಡೆ, ಚೀಲ, ಬೀಗದ ಗೊಂಚಲು ಬರೆದಿಡುವ ಪುಸ್ತಕ. ಅದಕ್ಕೆ ಆರೋಪಿ ಬೇಕಾಗಿಲ್ಲ. ಸೊತ್ತಿನ ವಿವರ, ಸಿಕ್ಕಿದ ಜಾಗ, ದಿನಾಂಕ, ಅಷ್ಟೇ. ನಾನು ಆ ಪುಸ್ತಕ ತೆರೆದು ಬರೆದೆ: 'ನೀರು ತುಂಬಿದ ಗಾಜಿನ ಬಾಟಲಿ ಎರಡು, ಹೊಳೆಯ ಹತ್ತಿರ ಸಿಕ್ಕಿದ್ದು, ವಾರಸುದಾರರು ಗೊತ್ತಿಲ್ಲ.' ಬಾಟಲಿಯ ಬಿರಡೆಯ ಮೇಲೆ ಬಟ್ಟೆ ಕಟ್ಟಿ, ಅರಗು ಕಾಯಿಸಿ ಸೀಲು ಒತ್ತಿ, ನೀರು ತುಂಬಿದ ಜಾಗ, ಹೊತ್ತು, ದಿನಾಂಕ ಬರೆದ ಚೀಟಿ ಅಂಟಿಸಿ ಸಹಿ ಹಾಕಿದೆ. ಅಕ್ಕನಿಗೆ ಒಂದೊಂದು ಬಾಟಲಿಗೆ ಒಂದೊಂದು ನಂಬರಿನ ಚೀಟಿ ಕೊಟ್ಟೆ. ಪುಸ್ತಕದ ಮುಖ ನನ್ನ ಕಡೆಗಿತ್ತು.

"ಕೇಸಾಯ್ತಾ?" ಎಂದು ಕೇಳಿದಳು.

"ನಂಬರ್ ಕೊಟ್ಟಿದ್ದೀನಲ್ಲಕ್ಕ."

ಸುಳ್ಳು ಹೇಳಲಿಲ್ಲ ಎಂದು ಆವತ್ತು ಸಮಾಧಾನ ಮಾಡಿಕೊಂಡೆ. ಅವಳು ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಕೊಳವೆಯ ಕೆಳಗಿನ ನೀರು ತಂದಳು. ಹನ್ನೊಂದು ವರ್ಷದಲ್ಲಿ ಮೂವತ್ತೊಂದು ಬಾಟಲಿ. ತನಿಖೆ ಎಲ್ಲಿಗೆ ಬಂತು ಎಂದು ಪ್ರತಿ ಸಲ ಕೇಳುತ್ತಿದ್ದಳು. ನಡೀತಿದೆ, ಮೇಲಿಂದ ಬರಬೇಕು, ನಿಧಾನ ಆಗುತ್ತೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ಅವಳ ನಾಲ್ಕು ತೊಟ್ಟಿ ಎರಡಾಯಿತು, ಎರಡು ಒಂದಾಯಿತು. ನೇಯುವವರು ಬೇರೆ ಕಡೆ ಹೋದರು. ಚೀಟಿಗಳನ್ನು ಮಾತ್ರ ಅವಳು ದಾರ ಕಟ್ಟಿ ಜೋಪಾನವಾಗಿ ಇಟ್ಟುಕೊಂಡಳು.

ಒಂಬತ್ತು ವರ್ಷದ ಹಿಂದೆ ಗಣಿಯ ಅನುಮತಿ ಮತ್ತೆ ಕೊಡುವ ಮೊದಲು ಜನರ ಅಭಿಪ್ರಾಯ ಕೇಳುವ ಸಭೆ ನಡೆಯಿತು. ಅಕ್ಕ ಎದ್ದು ನಿಂತಳು. "ನಾನು ಮೂವತ್ತೊಂದು ದೂರು ಕೊಟ್ಟಿದ್ದೀನಿ, ನಂಬರ್ ಇಲ್ಲಿದೆ," ಎಂದು ಚೀಟಿಯ ಕಟ್ಟು ಎತ್ತಿ ತೋರಿಸಿದಳು. ವೇದಿಕೆಯ ಮೇಲಿದ್ದ ಅಧಿಕಾರಿ ಅಲ್ಲಿಂದಲೇ ಠಾಣೆಗೆ ಫೋನು ಮಾಡಿಸಿ ಕೇಳಿದ. ಆ ಫೋನು ಎತ್ತಿದವನು ನಾನೇ. ಅತ್ತಲಿಂದ ನಂಬರು ಓದಿ ಹೇಳಿದರು, ಅವು ಯಾವ ಪುಸ್ತಕದವೆಂದು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅಧಿಕಾರಿ ಮೈಕಿನಲ್ಲಿ ಹೇಳಿದನಂತೆ: "ಅಮ್ಮಾ, ಇವು ದೂರಿನ ನಂಬರ್ ಅಲ್ಲ, ಕಳೆದುಹೋದ ಸಾಮಾನಿನ ನಂಬರ್. ನಿಮ್ಮ ಬಾಟಲಿಗಳು ಸುರಕ್ಷಿತವಾಗಿವೆ, ಹೋಗಿ ತಗೊಳ್ಳಿ." ಸಭೆಗೆ ಸಭೆಯೇ ನಕ್ಕಿತಂತೆ.

ಅಕ್ಕ ಅಲ್ಲಿಂದ ಮನೆಗೆ ಹೋಗಲಿಲ್ಲ. ಯಾರದೋ ಪಾನಾ ಇಸಿದುಕೊಂಡು ನೇರ ಗುಡ್ಡ ಹತ್ತಿ, ಕೊಳವೆಯ ಕಬ್ಬಿಣದ ಚಕ್ರವನ್ನು ತಿರುಗಿಸಿ ನೀರು ನಿಲ್ಲಿಸಿ, ಚಕ್ರವನ್ನು ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದಳು. ಅರವತ್ತೆರಡು ವರ್ಷದ ಹೆಂಗಸು. ಸಂಜೆಯೊಳಗೆ ಕಂಪನಿಯ ದೂರು ಬಂತು. ಬರೆದವನು ನಾನು. ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ತಂದೆಯ ಹೆಸರು ಕೇಳುವ ಅಗತ್ಯ ಬೀಳಲಿಲ್ಲ, ನನ್ನ ತಂದೆಯದೇ. ಕಬ್ಬಿಣದ ಚಕ್ರವನ್ನು ಮೂರನೆಯ ದಿನ ಅದರ ವಾರಸುದಾರರಾದ ಕಂಪನಿಗೆ ಸಹಿ ಹಾಕಿಸಿಕೊಂಡು ಒಪ್ಪಿಸಿದೆ. ಅಕ್ಕ ಆರು ವಾರ ಜೈಲಿನಲ್ಲಿದ್ದಳು. ಹೊರಗೆ ಬಂದ ಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಇದಿಷ್ಟನ್ನೂ ಸೋಮವಾರ ಫೋನು ಇಟ್ಟ ಮೇಲೆ ಮಗಳಿಗೆ ಹೇಳಿದೆ. ಅತ್ತೆ ಜೈಲಿಗೆ ಹೋದದ್ದು ಅವಳಿಗೆ ಗೊತ್ತಿತ್ತು, ಬಾಟಲಿಯ ಕಥೆ ಗೊತ್ತಿರಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು, "ಅಂಥ ಸೊತ್ತನ್ನ ಒಂದು ವರ್ಷ ಆದ್ಮೇಲೆ ನಾಶ ಮಾಡ್ಬೇಕಲ್ವಾ? ಇಷ್ಟು ವರ್ಷ ಹೇಗೆ ಉಳೀತು?" ಎಂದು ಕೇಳಿದಳು.

"ಪ್ರತಿ ವರ್ಷ ಪಟ್ಟಿ ಮಾಡೋವಾಗ ಬಿಟ್ಟುಹೋಗ್ತಿತ್ತು."

"ಕಾಲಂ ಸಾಹೇಬರ ಕೈಯಿಂದ ಬಿಟ್ಟುಹೋಗ್ತಿತ್ತಾ?"

"ಹೂಂ, ಬಿಟ್ಟುಹೋಗ್ತಿತ್ತು," ಎಂದೆ. ಯಾಕೆ ಬಿಟ್ಟೆನೆಂದು ನನಗೇ ಸರಿಯಾಗಿ ಗೊತ್ತಿಲ್ಲ. ಎಸೆಯಲು ಕೈ ಬರಲಿಲ್ಲ, ಅಷ್ಟೇ. ನನ್ನ ನಂತರ ಬಂದವರು ಆ ಮೇಲಿನ ಹಲಗೆಯ ಕಡೆ ನೋಡಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಠಾಣೆಗೆ ಹೋದೆವು. ಈಗಿನ ರೈಟರ್ ಏಣಿ ಹಾಕಿ ಬಾಟಲಿಗಳನ್ನು ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದಳು. ಮಗಳು ಮಂಡಿಯೂರಿ ಕೂತು ಒಂದೊಂದೇ ಚೀಟಿ ಓದಿದಳು. ಮುಟ್ಟಲಿಲ್ಲ. ಮೊದಲನೆಯದು ತಿಳಿ. ಎರಡನೆಯದರಿಂದ ಮೂವತ್ತೊಂದರವರೆಗೆ ತಳದ ಗಸಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗಿತ್ತು. ಅದನ್ನು ನೋಡಲು ಯಾವ ಶಾಸ್ತ್ರವೂ ಬೇಕಿರಲಿಲ್ಲ.

"ಅಪ್ಪಾ, ಮುಂದಿನ ತಿಂಗಳು ಗಣಿ ದೊಡ್ಡದು ಮಾಡೋಕೆ ಮತ್ತೆ ಸಭೆ ಇದೆ. ಹೊಳೆ ಮೊದಲಿಂದ ಹೀಗೇ ಇತ್ತು, ಅದು ಮಣ್ಣಿನ ಗುಣ ಅಂತ ಕಂಪನಿ ಬರೆದುಕೊಟ್ಟಿದೆ. ಸುಳ್ಳು ಅನ್ನೋಕೆ ಹಳೇ ನೀರು ಯಾರ ಹತ್ರನೂ ಇಲ್ಲ ಅಂದ್ಕೊಂಡಿದ್ವಿ." ಒಂದು ಚೀಟಿಯ ಕಡೆ ಬೆರಳು ತೋರಿಸಿದಳು. "ಜಾಗ, ಹೊತ್ತು, ದಿನಾಂಕ, ಸೀಲು, ಸಹಿ. ಪ್ರಯೋಗಾಲಯದಲ್ಲಿ ಗಸೀನ ಆಮ್ಲದಲ್ಲಿ ಕರಗಿಸಿ ಯಾವ ಲೋಹ ಎಷ್ಟಿದೆ ಅಂತ ನೋಡ್ತಾರೆ. ನೀನು ಇಟ್ಟ ಹಾಗೆ ಯಾರೂ ಇಟ್ಟಿಲ್ಲ."

ನನ್ನನ್ನು ಹೊಗಳುತ್ತಿದ್ದಾಳೋ ಹಂಗಿಸುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇರಬೇಕು.

ಈಗಿನ ರೈಟರ್ ನಿಯಮ ಹೇಳಿದಳು. ನನಗೆ ಗೊತ್ತಿದ್ದದ್ದೇ, ಆದರೂ ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಬೇರೆ ಥರ ಇರುತ್ತದೆ. ಶುಕ್ರವಾರದೊಳಗೆ ವಾರಸುದಾರರು ಬಂದು ಇದು ನನ್ನದು, ಕಳೆದುಹೋಗಿತ್ತು ಎಂದು ಸಹಿ ಹಾಕಿದರೆ ಬಾಟಲಿ ಅವರಿಗೆ. ಬಾರದಿದ್ದರೆ ಚರಂಡಿಗೆ.

"ಅತ್ತೆ ಬಂದು ಸಹಿ ಹಾಕಿದ್ರೆ ಮುಗೀತು," ಎಂದಳು ಮಗಳು.

"ನಿಮ್ಮತ್ತೆ ನನ್ನ ನೆರಳು ಕಂಡ್ರೂ ಆ ಕಡೆ ಬೀದಿಗೆ ಹೋಗ್ತಾಳೆ."

"ನಾನು ಬರ್ತೀನಿ, ನಡಿ."

ಮರುದಿನ ಹೋದೆವು. ಒಂಬತ್ತು ವರ್ಷದಲ್ಲಿ ನಾನು ಆ ಬಾಗಿಲು ತುಳಿದಿರಲಿಲ್ಲ. ಅಕ್ಕ ಈಗ ಹರಿದ ಬಟ್ಟೆಗೆ ಹೊಲಿಗೆ ಹಾಕಿಕೊಟ್ಟು ಕಾಲ ತಳ್ಳುತ್ತಾಳೆ. ಹಿಂದಿನ ತೊಟ್ಟಿಗಳಲ್ಲಿ ಮೂರನ್ನು ಒಡೆಸಿದ್ದಳು, ನಾಲ್ಕನೆಯದರಲ್ಲಿ ಸೌದೆ ತುಂಬಿತ್ತು. ಅವಳ ಬೆರಳಿನ ಸಂದಿಯಲ್ಲಿ ಹಳೆಯ ಹಳದಿ ಇನ್ನೂ ಉಳಿದಿರುತ್ತದೆ ಎಂದುಕೊಂಡಿದ್ದೆ. ಕೈ ಬೆಳ್ಳಗಿತ್ತು.

ನಮಗೆ ಚಾಪೆ ಹಾಸಿದಳು, ಮಗಳ ಕೈಗೆ ನೀರು ಕೊಟ್ಟಳು. ನಾನು ಒಂದು ಮಾರು ದೂರದಲ್ಲಿ ಕೂತಿದ್ದೆ.

"ನಿಮ್ಮಪ್ಪಂಗೂ ನೀರು ಬೇಕೇನೋ ಕೇಳು," ಎಂದಳು ಮಗಳಿಗೆ.

"ಬೇಕು ಅಂತ ಹೇಳು," ಎಂದೆ ನಾನೂ ಮಗಳಿಗೇ.

"ನಿಮ್ಮಿಬ್ಬರ ಮಧ್ಯೆ ನಾನೇನು ಅಂಚೆ ಪೇದೆನಾ?" ಎಂದು ಮಗಳು ರೇಗಿದಳು. ಅಕ್ಕನ ತುಟಿ ಸ್ವಲ್ಪ ಅಲುಗಿತು, ಆದರೆ ನಗಲಿಲ್ಲ.

ಮಗಳು ವಿಷಯವೆಲ್ಲ ಹೇಳಿದಳು. ಬಾಟಲಿಗಳು ಇಷ್ಟು ವರ್ಷದ ಮೇಲೂ ಉಳಿದಿವೆ ಎಂಬುದು ಅಕ್ಕನಿಗೆ ಹೊಸದು. ಹೊಲಿಗೆ ನಿಲ್ಲಿಸಿದಳು. ಮೊದಲನೆಯ ಬಾಟಲಿಯ ನೀರು ಇನ್ನೂ ತಿಳಿಯಾಗಿದೆಯಾ ಎಂದು ಎರಡು ಸಲ ಕೇಳಿದಳು. ಮಗಳು ಅರ್ಜಿಯ ನಮೂನೆ ತೆಗೆದು ಸಹಿ ಹಾಕುವ ಜಾಗ ತೋರಿಸಿದಳು. ಅಕ್ಕ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು.

"'ಮೇಲ್ಕಂಡ ಸೊತ್ತು ನನ್ನದಾಗಿದ್ದು, ಕಳೆದುಹೋಗಿತ್ತು ಎಂದು...'" ಅಲ್ಲಿಗೆ ನಿಲ್ಲಿಸಿ ಕಾಗದವನ್ನು ಮಡಚಿ ಮಗಳ ಕೈಗೆ ವಾಪಸ್ಸು ಕೊಟ್ಟಳು. "ನಾನು ಏನೂ ಕಳ್ಕೊಂಡಿರ್ಲಿಲ್ಲ ಮಗಳೇ. ಕೊಟ್ಟಿದ್ದೆ. ಮೂವತ್ತೊಂದು ಬಾಟಲೀನೂ ದೂರು ಅಂತ ಕೊಟ್ಟಿದ್ದೆ. ಈಗ ಕಳೆದುಹೋಗಿತ್ತು ಅಂತ ಸಹಿ ಹಾಕಿದ್ರೆ ಆವತ್ತು ನಕ್ಕವರೆಲ್ಲ ನಕ್ಕಿದ್ದು ಸರಿ ಅಂತ ಆಗುತ್ತೆ."

"ಅತ್ತೆ, ಸಹಿ ಹಾಕದಿದ್ರೆ ಶುಕ್ರವಾರ ಚೆಲ್ಲಿಬಿಡ್ತಾರೆ."

"ಚೆಲ್ಲಲಿ. ಚೆಲ್ಲೋದು ಹೊಳೆಗೇ ತಾನೇ, ಅದರ ನೀರು ಅದಕ್ಕೇ ಸೇರುತ್ತೆ."

ಎದ್ದು ಹೋಗಿ ಒಳಗಿನ ಡಬ್ಬಿಯಿಂದ ಚೀಟಿಯ ಕಟ್ಟು ತಂದು ಚಾಪೆಯ ಮೇಲಿಟ್ಟಳು. ದಾರ ಹಳದಿಯಾಗಿತ್ತು, ಅವಳೇ ಬಣ್ಣ ಹಾಕಿದ ದಾರ, ಒಳ್ಳೆಯ ಕಾಲದ್ದು. "ಇವು ದೂರು ಅಂತ ಗೊತ್ತಿರೋರು ಇಬ್ಬರೇ. ಒಬ್ಬಳು ನಾನು. ನನ್ನ ಮಾತಿಗೆ ಬೆಲೆ ಇಲ್ಲ, ನಾನು ಕಳ್ಳಿ, ಪುಸ್ತಕದಲ್ಲಿ ಹಾಗೇ ಬರೆದಿದೆ. ಇನ್ನೊಬ್ಬರು ಯಾರು ಅಂತ ನಿಮ್ಮಪ್ಪನ್ನ ಕೇಳು."

ಮಗಳು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾವಿಬ್ಬರೂ ಮನೆಯ ದಾರಿ ಹಿಡಿದೆವು. ಅಕ್ಕ ಹೇಳಿದ್ದರ ಅರ್ಥ ನನಗೆ ಮುಳ್ಳಿನಷ್ಟು ಚೂಪಾಗಿ ಗೊತ್ತಿತ್ತು. ಇವು ದೂರಿನ ಬಾಟಲಿಗಳು, ನಾನು ಬೇಕೆಂದೇ ಬೇರೆ ಪುಸ್ತಕದಲ್ಲಿ ಬರೆದೆ ಎಂದು ಹೇಳಿಕೆ ಕೊಟ್ಟರೆ ಅವು ಸಾಕ್ಷ್ಯವಾಗುತ್ತವೆ, ಯಾರೂ ಚೆಲ್ಲುವಂತಿಲ್ಲ. ಆದರೆ ಸರ್ಕಾರಿ ಪುಸ್ತಕದಲ್ಲಿ ಮೂವತ್ತು ಸಲ ಸುಳ್ಳು ಬರೆದವನು ನಾನಾಗುತ್ತೇನೆ. ವಿಚಾರಣೆ ನಡೆಯುತ್ತದೆ, ಪಿಂಚಣಿಗೆ ಕತ್ತರಿ ಬಿದ್ದರೂ ಬಿದ್ದೀತು. ಸಾಹೇಬರು ಹೇಳಿದ್ದರು ಎನ್ನೋಣವೆಂದರೆ ಆ ಸಾಹೇಬರು ತೀರಿಕೊಂಡು ನಾಲ್ಕು ವರ್ಷವಾಗಿದೆ, ಮೇಲಾಗಿ ಅವರು ಹೇಳಿದ್ದು ಬಾಯಿಮಾತು. ಪೆನ್ನು ನನ್ನದು.

ಬುಧವಾರ ಇಡೀ ದಿನ ಮನೆಯಲ್ಲೇ ಕೂತೆ. ಸಮರ್ಥನೆಗಳು ಒಂದಲ್ಲ ಎರಡಲ್ಲ. ನಾನಲ್ಲದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ನಾನು ಬರೆದಿದ್ದರಿಂದಲೇ ಬಾಟಲಿ ಉಳಿಯಿತು. ಗಣಿಯಿಂದ ಎಷ್ಟೋ ಮನೆಯ ಒಲೆ ಉರಿದಿದೆ. ಎಲ್ಲವನ್ನೂ ಮಗಳ ಮುಂದೆ ಸುರಿದೆ. ಅವಳು ತಾಳ್ಮೆಯಿಂದ ಕೇಳಿ, "ಅಪ್ಪಾ, ತಪ್ಪು ಮಾಡಿದವರು ಹೇಳೋ ಸಬೂಬುಗಳನ್ನ ನಮ್ಮ ಶಾಸ್ತ್ರದಲ್ಲಿ ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ನೀನು ಹೇಳಿದ್ದೆಲ್ಲ ಅದರಲ್ಲಿ ಇದೆ. ಕಂಪನಿಯವರು ಹೇಳೋದೂ ಇವೇ," ಎಂದಳು.

ಸಿಟ್ಟು ಬಂತು. ಹೆತ್ತ ಮಗಳು ನನ್ನನ್ನೂ ಕಂಪನಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಳಲ್ಲ ಎಂದು ಬಾಗಿಲು ದಡಾರನೆ ಹಾಕಿಕೊಂಡೆ. ಸಿಟ್ಟು ಇಳಿದ ಮೇಲೆ ನಾಚಿಕೆ ಬಂತು. ಇಳಿಯದೆ ಉಳಿದದ್ದು ಅದೇ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಠಾಣೆಗೆ ಹೋದೆ. ಹೋಗುವ ಮೊದಲು ಮಗಳನ್ನು ಅಕ್ಕನ ಮನೆಗೆ ಕಳಿಸಿದ್ದೆ. ಹೇಳಿಕೆ ಕೊಡುತ್ತಿದ್ದೇನೆ, ದೂರುದಾರಳು ಬಂದು ಸಹಿ ಹಾಕಬೇಕು, ಚೀಟಿಗಳನ್ನು ತರಬೇಕು ಎಂದು ಹೇಳಿಕಳಿಸಿದ್ದೆ. ಬರುತ್ತಾಳೆಂಬ ಭರವಸೆ ಇರಲಿಲ್ಲ.

ಈಗಿನ ರೈಟರ್ ನನ್ನ ಹಳೆಯ ಮೇಜಿನ ಹಿಂದೆ ಕೂತಿದ್ದಳು. ನಾನು ಮೊದಲ ಸಲ ಮೇಜಿನ ಈ ಕಡೆಯ ಬೆಂಚಿನ ಮೇಲೆ ಕೂತೆ. ಎಷ್ಟು ತಗ್ಗಿನ ಬೆಂಚು ಅದು! ಅಲ್ಲಿಂದ ಪುಸ್ತಕದ ರಟ್ಟು ಮಾತ್ರ ಕಾಣುತ್ತದೆ.

"ಸಾರ್, ಇನ್ನೊಂದು ಸಲ ಯೋಚನೆ ಮಾಡಿ," ಎಂದಳು. "ಬರೆದ ಮೇಲೆ ಹೊಡೆದುಹಾಕೋಕೆ ಆಗಲ್ಲ. ನೀವೇ ಹೇಳಿಕೊಟ್ಟಿದ್ದು."

"ನಾನೇ ಬರೀತೀನಿ, ಕೊಡಮ್ಮ. ಅಕ್ಷರ ಅದೇ ಅಂತ ಗೊತ್ತಾಗ್ಲಿ."

ಅವಳು ಪಕ್ಕಕ್ಕೆ ಸರಿದು ಕುರ್ಚಿ ಬಿಟ್ಟುಕೊಟ್ಟಳು. ನನ್ನ ಹೇಳಿಕೆಯನ್ನು ಕಾಗದದ ಮೇಲೆ ಬರೆದೆ. ಯಾವ ದಿನ ಯಾವ ಬಾಟಲಿ, ಯಾರು ತಂದದ್ದು, ಏನೆಂದು ತಂದದ್ದು, ನಾನು ಏನೆಂದು ಬರೆದದ್ದು. ಮೂರು ಪುಟವಾಯಿತು. ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಮಗಳು, ಅವಳ ಹಿಂದೆ ಅಕ್ಕ. ಅಕ್ಕ ಚೀಟಿಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನನ್ನು ನೋಡದೆ ಬೆಂಚಿನ ತುದಿಯಲ್ಲಿ ಕೂತಳು.

ಈಗಿನ ರೈಟರ್ ಒಳಗೆ ಹೋಗಿ ಸಾಹೇಬರಿಗೆ ನನ್ನ ಹೇಳಿಕೆ ತೋರಿಸಿದಳು. ಈಗಿನ ಸಾಹೇಬರು ಎಳೆಯರು, ಮೂರು ಪುಟವನ್ನೂ ಓದಿ ಹೊರಗೆ ಬಂದು ಅಕ್ಕನನ್ನೂ ನೆಲದ ಮೇಲಿನ ಬಾಟಲಿಗಳನ್ನೂ ನೋಡಿದರು. "ಬರ್ಕೊಳ್ಳಿ," ಎಂದಷ್ಟೇ ಹೇಳಿ ಒಳಗೆ ಹೋದರು. ಆ ಒಂದು ಮಾತಿಗೆ ಇಪ್ಪತ್ತು ವರ್ಷ ಹಿಡಿಯಿತು.

ಅಪರಾಧ ಪುಸ್ತಕ ಮೇಜಿನ ಮೇಲೆ ಬಂತು. ಈಗಿನ ರೈಟರ್ ಬರೆಯಲು ಕೂತಳು, ನಾನು ಪಕ್ಕದಲ್ಲಿ ನಿಂತೆ. ದೂರುದಾರಳ ಹೆಸರು, ವಿಳಾಸ, ದೂರಿನ ವಿವರ, ಸಾಕ್ಷ್ಯ ಮೂವತ್ತೊಂದು ಬಾಟಲಿ. ಆರೋಪಿ ಕಾಲಂಗೆ ಬಂದಾಗ ಅವಳ ಪೆನ್ನು ನಿಂತಿತು.

"ಇಲ್ಲಿ ಏನು ಬರೀಲಿ ಸಾರ್?"

"ಹೊಳೆ ಕೆಡಿಸಿದವರು ಅಪರಿಚಿತರು ಅಂತ ಬರಿ. ತಂತಿ ಕದ್ದವರನ್ನ ಹಾಗೇ ಬರ್ಕೊಂಡು ಆಮೇಲೆ ಹುಡುಕ್ತಿದ್ವಲ್ಲ, ಇವರನ್ನೂ ಹುಡುಕಿ. ಅನುಮತಿ ಪತ್ರದಲ್ಲಿ ಸಹಿ ಮಾಡಿದವರ ಹೆಸರು ಇರುತ್ತೆ, ಅಲ್ಲಿಂದ ಶುರು ಮಾಡಿ. ಎರಡನೇ ಆರೋಪಿ ಪರಿಚಿತ. ಸುಳ್ಳು ನಮೂದು ಮಾಡಿದವನು. ತಂದೆ ಹೆಸರು ದೂರುದಾರಳ ತಂದೆಯದೇ."

ಅವಳು ಬರೆದಳು. ಅಕ್ಷರ ಸ್ವಲ್ಪ ಸೊಟ್ಟಗಾಯಿತು, ನಾನು ತಿದ್ದಲಿಲ್ಲ. ಅಕ್ಕನಿಂದ ಸಹಿ ಹಾಕಿಸಿಕೊಂಡು ಒಂದು ಚೀಟಿಯ ಮೇಲೆ ನಂಬರು ಬರೆದು ಕೊಟ್ಟಳು.

ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಳದಿ ದಾರ ಬಿಚ್ಚಿ ಉಳಿದವುಗಳ ಜೊತೆ ಸೇರಿಸಲಿಲ್ಲ. ಒಂಬತ್ತು ವರ್ಷದ ಮೇಲೆ ನೇರವಾಗಿ ನನ್ನ ಮುಖ ನೋಡಿ ಕೇಳಿದಳು.

"ಇದು ಯಾವ ಪುಸ್ತಕದ ನಂಬರೋ?"

ನಾನು ಬಾಯಲ್ಲಿ ಹೇಳಲಿಲ್ಲ. ಹೇಳಿದ್ದರೂ ಅವಳು ನಂಬಲು ಕಾರಣವಿರಲಿಲ್ಲ. ಪುಸ್ತಕದ ಎರಡೂ ಅಂಚು ಹಿಡಿದು ಅದರ ಮುಖವನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬೆಂಚಿನಿಂದ ಎದ್ದು ಮೇಜಿನ ಮೇಲೆ ಬಾಗಿ ಮೊದಲ ಕಾಲಂನಿಂದ ಬೆರಳಿಟ್ಟು ಓದತೊಡಗಿದಳು. ಅವಳು ನಿಧಾನವಾಗಿ ಓದುವವಳು. ನಾವು ಮೂವರೂ ನಿಂತು ಕಾದೆವು.